ಹಂದಿ, ಒಂಟೆ, ಸಿಗಡಿ, ದ್ರಾಕ್ಷಾರಸ: ಯೆಹೂದಿ ಮತ್ತು ಇಸ್ಲಾಂ ಧರ್ಮಗಳ ಆಹಾರ ನಿಯಮಗಳನ್ನು ಕುರಿತ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಯೆಹೂದಿ ಮತ್ತು ಇಸ್ಲಾಂ ಧರ್ಮಗಳ ಆಹಾರದ ವಿಧಿನಿಷೇಧಗಳನ್ನು ಕುರಿತವೇ ಹೆಚ್ಚಾಗಿದ್ದುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಳ್ಳಲಾಗಿದೆ.

ಪ್ರಶ್ನೆ: ಯೆಹೂದಿಗಳಿಗೂ ಮುಸ್ಲಿಮರಿಗೂ ಹಂದಿಮಾಂಸ ನಿಷಿದ್ಧ. ಅರೇಬಿಯ, ಪ್ಯಾಲೆಸ್ಟೈನ್‌ಗಳಂಥ ಬಿಸಿಲುನಾಡಿನಲ್ಲಿ ಹಂದಿಮಾಂಸ ಬೇಗ ಕೆಡುತ್ತದೆ, ಅದರಲ್ಲಿ ಹುಳುಗಳಿರುತ್ತವೆ, ಆದ್ದರಿಂದ ಹಿಂದಿನವರು ಆರೋಗ್ಯದ ದೃಷ್ಟಿಯಿಂದ ಈ ನಿಯಮ ಮಾಡಿದರು ಎಂದು ಶಾಲಾದಿನಗಳಿಂದಲೂ ಕೇಳುತ್ತಾ ಬಂದಿದ್ದೇನೆ. ಇದು ನಿಜವೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಈ ವಿವರಣೆಯನ್ನು ಹೇಳುವವರಲ್ಲಿ ಹೆಚ್ಚಿನವರು ಸದುದ್ದೇಶದಿಂದಲೇ ಹೇಳುತ್ತಾರೆ. ಇನ್ನೊಂದು ಧರ್ಮದ ಆಚಾರಕ್ಕೆ ವೈಜ್ಞಾನಿಕ ಕಾರಣವೊಂದನ್ನು ಹುಡುಕಿಕೊಟ್ಟರೆ ಅದಕ್ಕೆ ಗೌರವ ಸಲ್ಲಿಸಿದಂತಾಯಿತು ಎಂಬ ಭಾವನೆ ಅದರ ಹಿಂದಿದೆ. ಆದರೆ ಆಧಾರಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಈ ವಾದ ನಿಲ್ಲುವುದಿಲ್ಲ. ಅದನ್ನು ಬಲವಾಗಿ ಅಲ್ಲಗಳೆದವರಲ್ಲಿ ಯೆಹೂದಿ ಧರ್ಮಪಂಡಿತರೇ ಇದ್ದರು ಎಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ.

ಆರೋಗ್ಯದ ವಾದವನ್ನು ವಿಸ್ತಾರವಾಗಿ ಮಂಡಿಸಿದ ಹಳಬರಲ್ಲಿ ಮೈಮೊನಿಡೀಸ್ (1138–1204) ಪ್ರಮುಖರು. ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ನೆಲೆಸಿ, ಸುಲ್ತಾನ ಸಲಾಹುದ್ದೀನನ ಆಡಳಿತ ವಲಯದಲ್ಲಿ ವೈದ್ಯರಾಗಿದ್ದ ಈ ಯೆಹೂದಿ ತತ್ತ್ವಜ್ಞಾನಿ, ಶಾಸ್ತ್ರದಲ್ಲಿ ನಿಷೇಧಿಸಿದ ಆಹಾರಗಳೆಲ್ಲ ದೇಹಕ್ಕೆ ಒಗ್ಗದವು ಎಂದು ಬರೆದರು. ಹಂದಿಮಾಂಸದಲ್ಲಿ ಅಗತ್ಯಕ್ಕಿಂತ ಹೆಚ್ಚು ತೇವಾಂಶವಿದೆ ಎಂಬುದು ಅವರ ಮೊದಲ ಆಕ್ಷೇಪ. ಅದಕ್ಕಿಂತ ಮುಖ್ಯವಾಗಿ, ಹಂದಿ ಹೊಲಸನ್ನು ತಿಂದು ಬದುಕುವ ಪ್ರಾಣಿಯಾದ್ದರಿಂದ, ಅದನ್ನು ಸಾಕಲು ಬಿಟ್ಟರೆ ಬೀದಿಗಳೂ ಮನೆಗಳೂ ಅಂದಿನ ಪಶ್ಚಿಮ ಯೂರೋಪಿನ ಊರುಗಳಲ್ಲಿದ್ದಂತೆ ಕಕ್ಕಸಿಗಿಂತ ಕೊಳಕಾಗುತ್ತವೆ ಎಂದು ಅವರು ಹೇಳಿದರು. ದಿನವೂ ರೋಗಿಗಳನ್ನು ನೋಡುತ್ತಿದ್ದ ವೈದ್ಯರೊಬ್ಬರಿಗೆ ಹೀಗೆ ತೋರಿದ್ದು ಸಹಜ.

ಅವರ ನಂತರ ಬಂದ ಇಸಾಕ್ ಅಬ್ರಬನೇಲ್ (1437–1508) ಈ ವಾದವನ್ನು ನೇರವಾಗಿಯೇ ವಿರೋಧಿಸಿದರು. ಕಾರಣ ಆರೋಗ್ಯವೇ ಆಗಿದ್ದರೆ ದೇವರ ಶಾಸ್ತ್ರವು ಒಂದು ಚಿಕ್ಕ ವೈದ್ಯಗ್ರಂಥದ ಮಟ್ಟಕ್ಕೆ ಇಳಿಯುತ್ತದೆ; ಹಂದಿ ತಿನ್ನುವ ಜನಾಂಗಗಳು ನಮ್ಮ ಕಣ್ಣೆದುರಿಗೇ ಗಟ್ಟಿಮುಟ್ಟಾಗಿ ಬಾಳುತ್ತಿವೆ; ನಿಜವಾಗಿಯೂ ವಿಷವಾಗಿರುವ ಎಷ್ಟೋ ಗಿಡಗಳ ಹೆಸರು ನಿಷೇಧದ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಈ ಮೂರು ಆಕ್ಷೇಪಗಳಿಗೆ ಇಂದಿಗೂ ಸಮರ್ಪಕ ಉತ್ತರ ಸಿಕ್ಕಿಲ್ಲ ಎಂದೇ ನನ್ನ ತಿಳಿವಳಿಕೆ.

ಹುಳುವಿನ ವಿಷಯಕ್ಕೆ ಬಂದರೆ, ಹಂದಿಮಾಂಸದ ಮೂಲಕ ಹರಡುವ ಟ್ರಿಕಿನೆಲ್ಲಾ ಎಂಬ ಸೂಕ್ಷ್ಮ ಹುಳುವನ್ನು ಮೊದಲು ಗುರುತಿಸಿದ್ದು 1835ರಲ್ಲಿ, ಲಂಡನ್ನಿನಲ್ಲಿ ಶವಪರೀಕ್ಷೆ ನಡೆಸುವಾಗ. ಹಂದಿಮಾಂಸ ತಿಂದುದರಿಂದಲೇ ಮನುಷ್ಯನಿಗೆ ಆ ರೋಗ ಬರುತ್ತದೆ ಎಂಬುದನ್ನು 1860ರಲ್ಲಿ ಜರ್ಮನಿಯ ಡ್ರೆಸ್ಡನ್ ನಗರದಲ್ಲಿ ಫ್ರೀಡ್ರಿಷ್ ತ್ಸೆಂಕರ್ ಎಂಬ ವೈದ್ಯರು ತೋರಿಸಿಕೊಟ್ಟರು. ಮೈಕೈ ನೋವು, ಕಣ್ಣಿನ ರೆಪ್ಪೆಯ ಊತ ಮೊದಲಾದ ಅದರ ಮುಖ್ಯ ಲಕ್ಷಣಗಳು ಕಾಣಿಸಿಕೊಳ್ಳಲು ವಾರಗಳೇ ಹಿಡಿಯುವುದರಿಂದ, ಎಂದೋ ಉಂಡ ಊಟಕ್ಕೂ ಇಂದಿನ ಜ್ವರಕ್ಕೂ ಸಂಬಂಧವಿದೆ ಎಂದು ಪ್ರಾಚೀನರು ಊಹಿಸುವುದು ಬಹಳ ಕಷ್ಟವಾಗಿತ್ತು. ದನದ ಮಾಂಸದಲ್ಲಿ ಲಾಡಿಹುಳುವಿದೆ. ಕುರಿ ಮೇಕೆಗಳಿಂದ ನೆರಡಿ ರೋಗವೂ ಬ್ರುಸೆಲ್ಲಾ ಜ್ವರವೂ ಹರಡುತ್ತವೆ. ಸುಡುವ ಬಿಸಿಲಿನಲ್ಲಿ ಕುರಿಮಾಂಸವೂ ಸಂಜೆಯೊಳಗೆ ನಾರುತ್ತದೆ. ಆದರೂ ಆ ಪ್ರಾಣಿಗಳನ್ನು ಎರಡೂ ಧರ್ಮಗಳು ಆಹಾರವಾಗಿ ಒಪ್ಪಿಕೊಂಡಿವೆ.

ಹಾಗಾದರೆ ಮೂಲ ಪಾಠ ಏನು ಹೇಳುತ್ತದೆ? ಯೆಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ಯಾಜಕಕಾಂಡದ 11ನೇ ಅಧ್ಯಾಯ ಮತ್ತು ಧರ್ಮೋಪದೇಶಕಾಂಡದ 14ನೇ ಅಧ್ಯಾಯಗಳಲ್ಲಿ ನಿಯಮವಿದೆ. ಗೊರಸು ಪೂರ್ತಿ ಸೀಳಿರಬೇಕು ಮತ್ತು ಪ್ರಾಣಿ ಮೆಲುಕು ಹಾಕಬೇಕು, ಎರಡೂ ಗುಣಗಳಿದ್ದರೆ ಮಾತ್ರ ಅದನ್ನು ತಿನ್ನಬಹುದು. ಒಂದು ಗುಣವಿದ್ದು ಇನ್ನೊಂದು ಇಲ್ಲದ ನಾಲ್ಕು ಪ್ರಾಣಿಗಳನ್ನು ಹೆಸರಿಸಿ ಹೇಳಲಾಗಿದೆ: ಒಂಟೆ, ಬೆಟ್ಟದ ಮೊಲ, ಮೊಲ ಮತ್ತು ಹಂದಿ. ರೋಗದ ಸೊಲ್ಲೇ ಅಲ್ಲಿಲ್ಲ. ಅಧ್ಯಾಯದ ಕೊನೆಯಲ್ಲಿ ಕೊಟ್ಟಿರುವ ಕಾರಣ ಒಂದೇ, ದೇವರು ಪರಿಶುದ್ಧನಾಗಿರುವುದರಿಂದ ಅವನ ಜನರೂ ಪರಿಶುದ್ಧರಾಗಿರಬೇಕು ಎಂಬುದು.

ಈ ಪಾಠವನ್ನು ಮುಂದಿಟ್ಟುಕೊಂಡು ಆಧುನಿಕ ವಿದ್ವಾಂಸರು ಬೇರೆ ಬೇರೆ ವಿವರಣೆಗಳನ್ನು ಕೊಟ್ಟಿದ್ದಾರೆ. 1966ರಲ್ಲಿ ಬ್ರಿಟಿಷ್ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್, ಲೋಕದ ಜೀವಿಗಳನ್ನು ವರ್ಗಗಳಾಗಿ ಜೋಡಿಸುವಾಗ ಯಾವ ವರ್ಗಕ್ಕೂ ಸರಿಯಾಗಿ ಕೂರದ ಪ್ರಾಣಿಗಳು ಅಶುದ್ಧವೆನಿಸಿದವು ಎಂದು ವಾದಿಸಿದರು. ಗೊರಸು ಸೀಳಿದ್ದರೂ ಮೆಲುಕು ಹಾಕದ ಹಂದಿ ಅಂಥದ್ದು. ಈ ವಾದ ಬಹಳ ಪ್ರಭಾವ ಬೀರಿತಾದರೂ ಮುಂದೆ ಸ್ವತಃ ಡಗ್ಲಸ್ ಅವರೇ ಅದರಿಂದ ಹಿಂದೆ ಸರಿದರು. 1970ರ ದಶಕದಲ್ಲಿ ಅಮೆರಿಕದ ಮಾರ್ವಿನ್ ಹ್ಯಾರಿಸ್ ಆರ್ಥಿಕ ಕಾರಣವನ್ನು ಮುಂದಿಟ್ಟರು: ಹಂದಿಗೆ ನೆರಳು ಮತ್ತು ನೀರು ಬೇಕು, ಅದು ಹುಲ್ಲು ಮೇಯ್ದು ಬದುಕಲಾರದು, ಮನುಷ್ಯ ತಿನ್ನುವ ಧಾನ್ಯಕ್ಕೇ ಬಾಯಿ ಹಾಕುತ್ತದೆ, ಹಾಲು ಕೊಡುವುದಿಲ್ಲ, ನೇಗಿಲು ಎಳೆಯುವುದಿಲ್ಲ, ಉಣ್ಣೆಯೂ ಇಲ್ಲ, ಕಾಡು ಕಡಿದು ನೆಲ ಒಣಗಿದ ಪಶ್ಚಿಮ ಏಷ್ಯಾದಲ್ಲಿ ಅದನ್ನು ಸಾಕುವುದು ನಷ್ಟದ ಬಾಬತ್ತು. ಇದರಲ್ಲಿ ಸತ್ಯಾಂಶವಿದೆ. ಆದರೆ ಯಾರಿಗೂ ಲಾಭವಿಲ್ಲದ ಪ್ರಾಣಿಯನ್ನು ಜನ ತಾವಾಗಿಯೇ ಬಿಟ್ಟುಬಿಡುತ್ತಾರೆ. ಅದಕ್ಕೆ ದೈವಾಜ್ಞೆಯ ಬಲ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಹಂದಿಯ ಮಟ್ಟಿಗೆ ಇತಿಹಾಸವೇ ಹೆಚ್ಚು ಹೇಳುತ್ತದೆ ಎಂದು ನನಗನ್ನಿಸುತ್ತದೆ. ಯಾಜಕಕಾಂಡದಲ್ಲಿ ಹಂದಿ ನಾಲ್ಕರಲ್ಲಿ ಒಂದು, ಅಷ್ಟೇ. ಮೊಲಕ್ಕಿಂತ ಅದು ಹೆಚ್ಚು ನಿಷಿದ್ಧವೆಂದು ಅಲ್ಲಿ ಹೇಳಿಲ್ಲ. ಕ್ರಿ.ಪೂ. 12–11ನೇ ಶತಮಾನಗಳ ಎಕ್ರೋನ್, ಅಷ್ಕೆಲೋನ್‌ಗಳಂಥ ಫಿಲಿಷ್ಟಿಯರ ಪಟ್ಟಣಗಳ ಉತ್ಖನನದಲ್ಲಿ ಹಂದಿಯ ಮೂಳೆಗಳು ಗಣನೀಯ ಪ್ರಮಾಣದಲ್ಲಿ ಸಿಕ್ಕಿದರೆ, ಅದೇ ಕಾಲದ, ಅವರ ನೆರೆಯ ಗುಡ್ಡಗಾಡಿನಲ್ಲಿದ್ದ, ಯೆಹೂದಿಗಳ ಪೂರ್ವಜರಾದ ಇಸ್ರಾಯೇಲ್ಯರ ಹಳ್ಳಿಗಳಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಮುಂದೆ ಕ್ರಿ.ಪೂ. 167ರಲ್ಲಿ, ಸಿರಿಯಾದಿಂದ ಆಳುತ್ತಿದ್ದ ಗ್ರೀಕ್ ವಂಶದ ದೊರೆ ನಾಲ್ಕನೆಯ ಆಂಟಿಯೋಕಸ್ ಯೆಹೂದಿ ಧರ್ಮಾಚರಣೆಯನ್ನೇ ನಿಷೇಧಿಸಿದಾಗ, ಹಂದಿಮಾಂಸ ತಿನ್ನುವುದು ರಾಜನಿಷ್ಠೆಯ ಪರೀಕ್ಷೆಯಾಯಿತು. ಆ ಕಾಲದ ಘಟನೆಗಳನ್ನು ಹೇಳುವ ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಎಲ್ಲಾಜಾರ್ ಎಂಬ 90 ವರ್ಷದ ಧರ್ಮಶಾಸ್ತ್ರಿಯ ಕಥೆ ಬರುತ್ತದೆ. ಬಾಯಿ ತೆರೆದು ಹಂದಿಮಾಂಸ ತುರುಕಲು ಬಂದಾಗ ಆತ ಉಗುಳುತ್ತಾನೆ. ಹಳೆಯ ಪರಿಚಯದ ಅಧಿಕಾರಿಗಳು ಕನಿಕರಿಸಿ ಅವನನ್ನು ಪಕ್ಕಕ್ಕೆ ಕರೆದು, ನಿನಗೆ ಸಲ್ಲುವ ಮಾಂಸವನ್ನೇ ತಂದುಕೊಂಡು ಹಂದಿ ತಿಂದಂತೆ ನಟಿಸು, ಜೀವ ಉಳಿಯುತ್ತದೆ ಎನ್ನುತ್ತಾರೆ. 90ರ ವಯಸ್ಸಿನಲ್ಲಿ ಎಲ್ಲಾಜಾರ್ ಅನ್ಯಮತಕ್ಕೆ ಹೋದನೆಂದು ಹುಡುಗರು ತಿಳಿದು ದಾರಿ ತಪ್ಪಿಯಾರು ಎಂದು ಆತ ಒಪ್ಪದೆ ಸಾಯುತ್ತಾನೆ. ಇಂಥ ಕಥೆಗಳನ್ನು ಕೇಳಿ ಬೆಳೆದ ಜನಕ್ಕೆ ಹಂದಿ ಇತರ ನಿಷಿದ್ಧ ಪ್ರಾಣಿಗಳಂತೆ ಕೇವಲ ಪಟ್ಟಿಯ ಒಂದು ಹೆಸರಾಗಿ ಉಳಿಯಲಿಲ್ಲ. ತಮ್ಮ ಹಿರಿಯರು ಪ್ರಾಣ ಕೊಟ್ಟು ನಿರಾಕರಿಸಿದ ವಸ್ತುವಾಯಿತು.

ನಂಬಿಕೆಯುಳ್ಳವರು ಈ ವಿಷಯವನ್ನು ನೋಡುವ ಬಗೆಯೇ ಬೇರೆ. ಎಲಾಜಾರ್ ಬೆನ್ ಅಜರ್ಯಾ ಎಂಬ ಪ್ರಾಚೀನ ಧರ್ಮಗುರುವಿನ ಮಾತೊಂದು ಉಳಿದುಬಂದಿದೆ. ಹಂದಿಮಾಂಸ ಕಂಡರೆ ನನಗೆ ಅಸಹ್ಯ ಎಂದು ಯೆಹೂದಿಯು ಹೇಳಬಾರದಂತೆ. ತಿನ್ನಲು ನನಗೆ ಆಸೆಯಿದೆ, ಆದರೆ ಪರಲೋಕದ ತಂದೆ ಬೇಡವೆಂದು ವಿಧಿಸಿರುವಾಗ ನಾನೇನು ಮಾಡಲಿ ಎನ್ನಬೇಕಂತೆ. ಕಾರಣ ತಿಳಿದು ಪಾಲಿಸಿದರೆ ಅದು ಜಾಣತನ, ತಿಳಿಯದೆಯೂ ಪಾಲಿಸಿದರೆ ಅದು ಭಕ್ತಿ ಎಂಬ ನಿಲುವು ಇದು. ಆರೋಗ್ಯದ ವಿವರಣೆಯನ್ನು ಅವರ ಮೇಲೆ ಹೊರಿಸುವಾಗ ನಾವು ಈ ನಿಲುವನ್ನೇ ಬದಿಗೆ ಸರಿಸುತ್ತೇವೆ.

ಪ್ರಶ್ನೆ: ಇಸ್ಲಾಂ ಧರ್ಮ ಯೆಹೂದಿ ನಿಯಮಗಳನ್ನೇ ತೆಗೆದುಕೊಂಡಿತು ಎನ್ನುತ್ತಾರೆ. ಹಾಗಿದ್ದರೆ ಯೆಹೂದಿಗಳಿಗೆ ನಿಷಿದ್ಧವಾದ ಒಂಟೆ ಮುಸ್ಲಿಮರಿಗೆ ಹೇಗೆ ಸಲ್ಲುತ್ತದೆ? (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಎರಡರ ನಡುವೆ ನಂಟಿದೆ, ಆದರೆ ಅದು ಸರಳವಾದ ಎರವಲಲ್ಲ. ಕುರ್‌ಆನ್‌ನಲ್ಲಿ ಹಂದಿಮಾಂಸದ ನಿಷೇಧ ನಾಲ್ಕು ಕಡೆ ಬರುತ್ತದೆ (2:173, 5:3, 6:145, 16:115). ನಾಲ್ಕು ಕಡೆಯೂ ಅದರ ಜೊತೆಗೆ ನಿಲ್ಲುವ ವಸ್ತುಗಳು ಅವೇ: ತಾನಾಗಿ ಸತ್ತ ಪ್ರಾಣಿ, ರಕ್ತ, ಮತ್ತು ಅಲ್ಲಾಹನಲ್ಲದೆ ಬೇರೊಬ್ಬರ ಹೆಸರಿನಲ್ಲಿ ಬಲಿಯಾದದ್ದು. ಗೊರಸು, ಮೆಲುಕುಗಳ ಲಕ್ಷಣ ಅಲ್ಲಿಲ್ಲ. ಹಂದಿಯ ವಿಷಯದಲ್ಲಿ 6:145ನೇ ವಚನ ಅದು ಹೊಲಸು ಎಂದಷ್ಟೇ ಹೇಳಿ ಮುಂದೆ ಸಾಗುತ್ತದೆ.

ನಿಮ್ಮ ಪ್ರಶ್ನೆಯನ್ನು ಕುರ್‌ಆನ್ ಸ್ವತಃ ಎತ್ತಿಕೊಂಡಿರುವುದು ಗಮನಾರ್ಹ. ಅದರ ಮುಂದಿನ ವಚನದಲ್ಲೇ (6:146) ಯೆಹೂದಿಗಳಿಗೆ ಕೆಲವು ಪ್ರಾಣಿಗಳನ್ನೂ ದನ ಕುರಿಗಳ ಕೊಬ್ಬನ್ನೂ ನಿಷೇಧಿಸಿದ್ದು ಅವರ ಅವಿಧೇಯತೆಗೆ ಪ್ರತಿಫಲವಾಗಿ ಎಂದಿದೆ. ದನ, ಕುರಿ, ಆಡುಗಳ ಕೊಬ್ಬು ತಿನ್ನಬಾರದೆಂಬ ನಿಯಮ ಯಾಜಕಕಾಂಡದ 7ನೇ ಅಧ್ಯಾಯದಲ್ಲಿ ನಿಜಕ್ಕೂ ಇದೆ. ಇನ್ನೊಂದು ಕಡೆ (3:93), ತೋರಾ ಅವತರಿಸುವ ಮೊದಲು ಇಸ್ರಾಯೇಲನು, ಎಂದರೆ ಯಾಕೋಬನು, ತಾನಾಗಿ ತ್ಯಜಿಸಿದ್ದರ ಹೊರತು ಆಹಾರವೆಲ್ಲ ಆ ಜನರಿಗೆ ಸಲ್ಲುತ್ತಿತ್ತು ಎನ್ನಲಾಗಿದೆ. ಅಂದರೆ ಇಸ್ಲಾಮಿನ ದೃಷ್ಟಿಯಲ್ಲಿ ತೋರಾದ ಕಟ್ಟುನಿಟ್ಟು ಒಂದು ಜನಕ್ಕೆ, ಒಂದು ಕಾಲಕ್ಕೆ ವಿಧಿಸಿದ್ದು. ಯೆಹೂದಿಗಳು ಇದನ್ನು ಒಪ್ಪುವುದಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ಅವರಿಗೆ ಅದೇ ಕಟ್ಟುನಿಟ್ಟು ದೇವರು ತಮ್ಮನ್ನು ಆರಿಸಿಕೊಂಡದ್ದರ ಗುರುತು.

ಒಂಟೆ ಮೆಲುಕು ಹಾಕುತ್ತದೆ. ಅದರ ಪಾದ ಮುಂದೆ ಎರಡು ಬೆರಳಾಗಿ ಕಂಡರೂ ಅಡಿಯಲ್ಲಿ ಒಂದೇ ಮೆತ್ತೆಯಾಗಿರುವುದರಿಂದ ಅದು ಸೀಳುಗೊರಸಿನ ಪ್ರಾಣಿಯೆನಿಸದೆ ಯೆಹೂದಿಗಳಿಗೆ ನಿಷಿದ್ಧವಾಯಿತು. ಅರಬರಿಗಾದರೋ ಒಂಟೆಯೇ ಹಾಲು, ವಾಹನ, ಸಂಪತ್ತು, ಬಲಿಪಶು. ಬಿಸಿಲುನಾಡಿನ ಆರೋಗ್ಯವೇ ಎರಡೂ ನಿಯಮಗಳ ತಳಹದಿಯಾಗಿದ್ದರೆ ಒಂದೇ ಮರುಭೂಮಿಯ ಅಂಚಿನ ಎರಡು ಧರ್ಮಗಳು ಒಂಟೆಯ ವಿಷಯದಲ್ಲಿ ಹೀಗೆ ಬೇರೆಯಾಗಲು ಕಾರಣವಿರಲಿಲ್ಲ.

ಕಾರಣ ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ ಪ್ರವಾದಿಯವರ ನಡೆನುಡಿಗಳ ದಾಖಲೆಗಳಾದ ಹದೀಸ್‌ಗಳಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. 628ರ ಖೈಬರ್ ಯುದ್ಧದ ಸಮಯದಲ್ಲಿ ಹಸಿದ ಸೈನಿಕರು ಸಾಕುಕತ್ತೆಗಳನ್ನು ಕೊಯ್ದು ಬೇಯಲು ಇಟ್ಟಿದ್ದರು. ಪ್ರವಾದಿ ಮುಹಮ್ಮದರು ಅದನ್ನು ನಿಷೇಧಿಸಿದಾಗ, ಕುದಿಯುತ್ತಿದ್ದ ಪಾತ್ರೆಗಳನ್ನು ಅಲ್ಲಿಯೇ ಕವುಚಿಹಾಕಲಾಯಿತು. ಏಕೆ ನಿಷೇಧಿಸಿದರು? ಜನರ ಹೊರೆ ಹೊರುವ ಪ್ರಾಣಿಗಳು ಮುಗಿದುಹೋದಾವು ಎಂಬ ಕಾಳಜಿಯಿಂದಲೋ, ಕತ್ತೆಮಾಂಸವೇ ನಿಷಿದ್ಧವೆಂದೋ, ತನಗೆ ತಿಳಿಯದು ಎಂದು ಪ್ರವಾದಿಯವರ ಚಿಕ್ಕಪ್ಪನ ಮಗನೂ ದೊಡ್ಡ ವಿದ್ವಾಂಸನೂ ಆದ ಇಬ್ನ್ ಅಬ್ಬಾಸ್ ಹೇಳಿದ್ದು ದಾಖಲಾಗಿದೆ. ಅಷ್ಟು ಹತ್ತಿರದವರೇ ಅಷ್ಟು ಎಚ್ಚರಿಕೆಯಿಂದ ಮಾತಾಡಿರುವಾಗ, 1,400 ವರ್ಷಗಳ ಆಚೆ ನಿಂತ ನಾವು ಒಂದೇ ವಾಕ್ಯದಲ್ಲಿ ಕಾರಣ ಹೇಳಿಬಿಡುವುದು ದುಡುಕಾದೀತು.

ಪ್ರಶ್ನೆ: ನಮ್ಮ ನೆರೆಯ ಬ್ಯಾರಿ ಕುಟುಂಬದವರು ಸಿಗಡಿಯನ್ನು ಇಷ್ಟಪಟ್ಟು ತಿನ್ನುತ್ತಾರೆ. ಉತ್ತರ ಕರ್ನಾಟಕದಿಂದ ವರ್ಗವಾಗಿ ಬಂದ ಮುಸ್ಲಿಂ ಸಹೋದ್ಯೋಗಿ ಅದನ್ನು ಮುಟ್ಟುವುದಿಲ್ಲ. ಒಂದೇ ಧರ್ಮದಲ್ಲಿ ಹೀಗೇಕೆ? (ಓದುಗರೊಬ್ಬರು, ಉಡುಪಿ)

ಉತ್ತರ: ಸುನ್ನಿ ಮುಸ್ಲಿಮರಲ್ಲಿ ಧರ್ಮಶಾಸ್ತ್ರದ ನಾಲ್ಕು ಪಂಥಗಳಿವೆ. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ, ಕೇರಳದ ಮಾಪಿಳ್ಳೆಗಳಂತೆ, ಬಹುಪಾಲು ಶಾಫಿಈ ಪಂಥದವರು. ಅರಬ್ಬೀ ಸಮುದ್ರದ ವ್ಯಾಪಾರದ ದಾರಿಯಲ್ಲಿ ಬಂದ ಪಂಥ ಅದು. ಒಳನಾಡಿನ ದಖನಿ ಉರ್ದು ಮಾತನಾಡುವ ಮುಸ್ಲಿಮರು ಹೆಚ್ಚಾಗಿ ಹನಫೀ ಪಂಥದವರು. ಸಮುದ್ರದ ಬೇಟೆಯೂ ಅದರ ಆಹಾರವೂ ನಿಮಗೆ ಸಲ್ಲುತ್ತದೆ ಎಂಬ ಕುರ್‌ಆನ್ ವಚನವನ್ನು (5:96) ಶಾಫಿಈ ಪಂಡಿತರು ವಿಶಾಲವಾಗಿ ಅರ್ಥಮಾಡಿಕೊಂಡರು. ನೀರಿನ ಜೀವಿಗಳಲ್ಲಿ ಮೀನು ಮಾತ್ರ ಸಲ್ಲುತ್ತದೆ ಎಂಬುದು ಹನಫೀ ನಿಲುವು. ಹಾಗಾಗಿ ಸಿಗಡಿ ಮೀನೋ ಅಲ್ಲವೋ ಎಂಬ ಚರ್ಚೆ ಹನಫೀಗಳಲ್ಲಿ ಬಹುಕಾಲದಿಂದ ನಡೆದಿದೆ. ಮೀನೆಂದು ಪರಿಗಣಿಸಿ ಒಪ್ಪುವ ವಿದ್ವಾಂಸರೂ ಇದ್ದಾರೆ, ಬಿಡುವುದೇ ಮೇಲು ಎನ್ನುವವರೂ ಇದ್ದಾರೆ. ನಿಮ್ಮ ಸಹೋದ್ಯೋಗಿ ಎರಡನೆಯ ಅಭಿಪ್ರಾಯವನ್ನು ಅನುಸರಿಸುತ್ತಿರಬಹುದು.

ಯೆಹೂದಿಗಳಿಗೆ ಈ ಚರ್ಚೆಯೇ ಇಲ್ಲ. ರೆಕ್ಕೆ ಮತ್ತು ಪೊರೆ ಎರಡೂ ಇರುವ ಮೀನು ಮಾತ್ರ ಸಲ್ಲುತ್ತದೆ. ಸಿಗಡಿ, ಏಡಿ, ಚಿಪ್ಪು, ಬೊಂಡಾಸ್ ಎಲ್ಲವೂ ನಿಷಿದ್ಧ. ನಮ್ಮದೇ ಪಶ್ಚಿಮ ಕರಾವಳಿಯ ಉತ್ತರಕ್ಕೆ, ಮಹಾರಾಷ್ಟ್ರದ ಕೊಂಕಣದಲ್ಲಿ, ಶತಮಾನಗಳ ಕಾಲ ಗಾಣದ ಎಣ್ಣೆ ತೆಗೆಯುವ ಕಸುಬು ಮಾಡಿಕೊಂಡು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ' ಎನಿಸಿಕೊಂಡಿದ್ದ ಬೆನೆ ಇಸ್ರೇಲಿ ಸಮುದಾಯದಲ್ಲಿ ಒಂದು ಐತಿಹ್ಯವಿದೆ. ಡೇವಿಡ್ ರಾಹಬಿ ಎಂಬ ಯೆಹೂದಿ ವಿದ್ವಾಂಸ ಅಲ್ಲಿಗೆ ಬಂದಾಗ ಇವರು ನಿಜವಾಗಿ ಯೆಹೂದಿಗಳೇ ಎಂದು ತಿಳಿಯಲು ಹೆಂಗಸರ ಕೈಗೆ ಬಗೆಬಗೆಯ ಮೀನುಗಳನ್ನು ಬೆರೆಸಿ ಕೊಟ್ಟು ಅಡುಗೆ ಮಾಡಲು ಹೇಳಿದನಂತೆ. ಅವರು ಪೊರೆಯಿಲ್ಲದವನ್ನು ಆರಿಸಿ ಪಕ್ಕಕ್ಕಿಟ್ಟು, ಇವನ್ನು ನಾವು ಬೇಯಿಸುವುದಿಲ್ಲ ಎಂದರಂತೆ. ಹೀಬ್ರೂ ಭಾಷೆಯನ್ನೇ ಮರೆತಿದ್ದ ಜನ ತಮ್ಮ ಗುರುತನ್ನು ಮೀನು ಆರಿಸುವ ಕೈಯಲ್ಲಿ ಉಳಿಸಿಕೊಂಡಿದ್ದರು ಎಂದು ಈ ಐತಿಹ್ಯ ಹೇಳುತ್ತದೆ. ಆಹಾರ ನಿಯಮ ಮಾಡುವ ಕೆಲಸವೇನು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಪ್ರಶ್ನೆ: ನಮ್ಮ ಕಚೇರಿಗೆ ಇಸ್ರೇಲಿನಿಂದ ಬರುವ ಅತಿಥಿಯೊಬ್ಬರನ್ನು ಊಟಕ್ಕೆ ಕರೆಯಬೇಕೆಂದಿದ್ದೇನೆ. ಮಾಂಸ ಮತ್ತು ಹಾಲನ್ನು ಅವರು ಒಟ್ಟಿಗೆ ತಿನ್ನುವುದಿಲ್ಲವೆಂದು ಕೇಳಿದೆ. ಕಾರಣವೇನು? ಏನು ಬಡಿಸಬಹುದು? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಒಂದೇ ಆಜ್ಞೆ ತೋರಾದಲ್ಲಿ ಮೂರು ಬಾರಿ ಬರುತ್ತದೆ: ವಿಮೋಚನಕಾಂಡದಲ್ಲಿ ಎರಡು ಸಲ, ಧರ್ಮೋಪದೇಶಕಾಂಡದಲ್ಲಿ ಒಂದು ಸಲ. ಮೂರು ಸಲ ಹೇಳಿರುವುದರಿಂದ ಬೇಯಿಸುವುದು, ತಿನ್ನುವುದು, ಅದರಿಂದ ಯಾವುದೇ ಲಾಭ ಪಡೆಯುವುದು ಮೂರೂ ನಿಷಿದ್ಧ ಎಂದು ಧರ್ಮಗುರುಗಳು ಅರ್ಥಮಾಡಿದರು. ಅಲ್ಲಿಂದ ನಿಯಮ ಬೆಳೆಯುತ್ತಾ ಬಂದು, ಆಡುಮರಿಯಿಂದ ಎಲ್ಲ ಮಾಂಸಕ್ಕೂ, ಹಾಲೇ ಕೊಡದ ಕೋಳಿಗೂ, ಕೊನೆಗೆ ಪಾತ್ರೆಪಡಗಗಳಿಗೂ ವಿಸ್ತರಿಸಿತು. ಸಂಪ್ರದಾಯಸ್ಥ ಯೆಹೂದಿ ಅಡುಗೆಮನೆಯಲ್ಲಿ ಮಾಂಸಕ್ಕೆ ಒಂದು, ಹಾಲಿನ ಪದಾರ್ಥಕ್ಕೆ ಒಂದು ಹೀಗೆ ಪಾತ್ರೆ, ತಟ್ಟೆ, ಚಮಚಗಳ ಎರಡು ಪ್ರತ್ಯೇಕ ಜೊತೆಗಳಿರುತ್ತವೆ. ಅನುಕೂಲವಿದ್ದವರು ತೊಳೆಯುವ ತೊಟ್ಟಿಯನ್ನೂ ಎರಡು ಮಾಡಿಸುತ್ತಾರೆ. ಮಾಂಸ ತಿಂದ ಮೇಲೆ ಹಾಲು ಮುಟ್ಟಲು ಬಹಳಷ್ಟು ಜನ ಆರು ಗಂಟೆ ಕಾಯುತ್ತಾರೆ, ಜರ್ಮನ್ ಮೂಲದವರು ಮೂರು ಗಂಟೆ, ಡಚ್ ಸಂಪ್ರದಾಯದವರು ಒಂದು ಗಂಟೆ.

ಕಾರಣದ ಬಗ್ಗೆ ಇಲ್ಲಿಯೂ ಒಮ್ಮತವಿಲ್ಲ. ಮರಿಗೆ ಜೀವ ಕೊಡಬೇಕಾದ ಹಾಲಿನಲ್ಲೇ ಮರಿಯನ್ನು ಬೇಯಿಸುವುದು ಕ್ರೌರ್ಯ ಎಂಬ ವಿವರಣೆ ಮನಸ್ಸಿಗೆ ತಕ್ಷಣ ನಾಟುತ್ತದೆ. ಅದನ್ನು ಹಿಂದಿನ ವ್ಯಾಖ್ಯಾನಕಾರರೂ ಕೊಟ್ಟಿದ್ದಾರೆ. ಅನ್ಯದೇವತೆಗಳ ಹಬ್ಬಗಳಲ್ಲಿ ಹೀಗೆ ಬೇಯಿಸುತ್ತಿದ್ದಿರಬೇಕು, ಅದನ್ನು ತಡೆಯಲು ಆಜ್ಞೆ ಬಂತು ಎಂದು ಮೈಮೊನಿಡೀಸ್ ಊಹಿಸಿದ್ದರು. 1929ರಿಂದ ಸಿರಿಯಾದ ಉಗಾರಿತ್‌ನಲ್ಲಿ ನಡೆದ ಉತ್ಖನನದಲ್ಲಿ ದೊರೆತ ಮಣ್ಣಿನ ಫಲಕವೊಂದರಲ್ಲಿ ಹಾಲಿನಲ್ಲಿ ಆಡುಮರಿ ಬೇಯಿಸುವ ವಿಧಿ ಇದೆ ಎಂದು 1930ರ ದಶಕದಲ್ಲಿ ಓದಿದಾಗ ಆ ಊಹೆ ಸಾಬೀತಾಯಿತೆಂದೇ ವಿದ್ವಾಂಸರು ಸಂಭ್ರಮಪಟ್ಟರು. ಆದರೆ ಆ ಸಾಲು ಮುಕ್ಕಾಗಿತ್ತು. ಮುಂದಿನ ತಲೆಮಾರಿನ ತಜ್ಞರು ಮರುಪರಿಶೀಲಿಸಿ ಆ ಓದನ್ನು ಕೈಬಿಟ್ಟರು. ಇಂದು ಆ ವಾದಕ್ಕೆ ಫಲಕದ ಬೆಂಬಲವಿಲ್ಲ.

ಬಡಿಸುವ ವಿಷಯ. ಇಸ್ರೇಲಿನವರೆಲ್ಲ ಈ ನಿಯಮಗಳನ್ನು ಪಾಲಿಸುವುದಿಲ್ಲವಾದ್ದರಿಂದ ಮೊದಲು ಅತಿಥಿಯನ್ನೇ ಕೇಳಿಬಿಡಿ. ಕೇಳಿದ್ದಕ್ಕೆ ಅವರು ಸಂತೋಷಪಡುತ್ತಾರೆಯೇ ಹೊರತು ಬೇಸರಿಸುವುದಿಲ್ಲ. ಪಾಲಿಸುವವರಾದರೆ ಸಾಮಾನ್ಯ ಅಂಗಡಿಯ ಮಾಂಸ ಅವರಿಗೆ ಸಲ್ಲದು. ಕಟ್ಟುನಿಟ್ಟಿನವರು ನಿಮ್ಮ ಮನೆಯ ಪಾತ್ರೆಯಲ್ಲಿ ಬೇಯಿಸಿದ್ದನ್ನೂ ಉಣ್ಣಲಾರರು. ಅಂಥವರಿಗೆ ಇಡಿಯ ಹಣ್ಣುಗಳನ್ನು ಇಟ್ಟು, ಬಿಸಾಡುವ ತಟ್ಟೆಯನ್ನೂ ಹೊಸ ಚಾಕುವನ್ನೂ ಕೊಡುವುದು ಸೂಕ್ತ. ಅಷ್ಟು ಕಟ್ಟುನಿಟ್ಟಿಲ್ಲದವರಿಗೆ ನಮ್ಮ ಸಸ್ಯಾಹಾರಿ ಊಟ ಬಹುತೇಕ ಸಲ್ಲುತ್ತದೆ, ಮಾಂಸವೇ ಇಲ್ಲದ ಮೇಲೆ ಮೊಸರಿಗೂ ತುಪ್ಪಕ್ಕೂ ಅಡ್ಡಿಯಿಲ್ಲ. ಬೆನೆ ಇಸ್ರೇಲಿಗಳು ಮಾಂಸದ ಸಾರಿಗೆ ಮೊಸರಿನ ಬದಲು ತೆಂಗಿನ ಹಾಲನ್ನು ಬಳಸಿ ಈ ನಿಯಮವನ್ನು ಸೊಗಸಾಗಿ ನಿಭಾಯಿಸಿದ್ದಾರೆ.

ಪ್ರಶ್ನೆ: ಯೆಹೂದಿಗಳು ತಮ್ಮ ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ರಾತ್ರಿ ದ್ರಾಕ್ಷಾರಸದ ಬಟ್ಟಲನ್ನು ಎತ್ತಿ ಪ್ರಾರ್ಥಿಸುತ್ತಾರೆ. ಇಸ್ಲಾಂ ಅದನ್ನೇ ಹರಾಮ್ ಎನ್ನುತ್ತದೆ. ಇಲ್ಲಿ ಕಾರಣ ಹೇಳಲಾಗಿದೆಯೇ? (ಓದುಗರೊಬ್ಬರು, ಮೈಸೂರು)

ಉತ್ತರ: ಹೇಳಲಾಗಿದೆ, ಸ್ಪಷ್ಟವಾಗಿಯೇ. ಕುರ್‌ಆನ್ ಮದ್ಯವನ್ನು ಹಂತಹಂತವಾಗಿ ನಿಷೇಧಿಸಿತು ಎಂಬುದು ಮುಸ್ಲಿಂ ವಿದ್ವಾಂಸರ ವಿವರಣೆ. ಅದರಲ್ಲಿ ಜನರಿಗೆ ಕೆಲವು ಪ್ರಯೋಜನಗಳಿದ್ದರೂ ಪಾಪವು ಪ್ರಯೋಜನಕ್ಕಿಂತ ದೊಡ್ಡದು ಎಂದು 2:219ನೇ ವಚನ ಹೇಳುತ್ತದೆ. ಅಮಲಿನಲ್ಲಿ ನಮಾಜಿಗೆ ಬರಬೇಡಿ ಎಂದು 4:43. ಪೂರ್ತಿ ದೂರವಿರಿ ಎಂದು 5:90. ಅದರ ಮರುವಚನದಲ್ಲಿ, ಮದ್ಯ ಮತ್ತು ಜೂಜುಗಳ ಮೂಲಕ ಸೈತಾನನು ನಿಮ್ಮ ನಡುವೆ ಹಗೆ ಹುಟ್ಟಿಸಿ ದೇವರ ಸ್ಮರಣೆಯಿಂದಲೂ ನಮಾಜಿನಿಂದಲೂ ತಡೆಯಲು ಬಯಸುತ್ತಾನೆ ಎಂಬ ಕಾರಣವಿದೆ.

ಕಾರಣ ತಿಳಿದಿದ್ದರಿಂದ ಏನಾಯಿತು ಎಂಬುದು ಈ ಪ್ರಶ್ನೆಯ ಮುಖ್ಯ ಭಾಗ. ನಿಷೇಧಕ್ಕೆ ಅಮಲೇ ಆಧಾರವೆಂದು ನಿಶ್ಚಯಿಸಿದ ಧರ್ಮಶಾಸ್ತ್ರಿಗಳು, ಹೋಲಿಕೆಯ ತರ್ಕದಿಂದ ಅದನ್ನು ಕುರ್‌ಆನ್‌ನಲ್ಲಿ ಹೆಸರಿಸದ ಅಮಲು ಪದಾರ್ಥಗಳಿಗೂ ಅನ್ವಯಿಸಿದರು. ಅಮಲೇರಿಸುವುದೆಲ್ಲ ಮದ್ಯ, ಮದ್ಯವೆಲ್ಲ ಹರಾಮ್ ಎಂಬ ಹದೀಸ್ ಇದಕ್ಕೆ ಒತ್ತಾಸೆಯಾಯಿತು. ಅದೇ ತರ್ಕದಂತೆ ದ್ರಾಕ್ಷಾರಸ ಹುಳಿತು ವಿನೆಗರ್ ಆದಾಗ ಅಮಲು ಹೋಗಿ ಅದು ಸಲ್ಲುತ್ತದೆ. ಹಂದಿಯ ವಿಷಯದಲ್ಲಿ ಇಂಥ ತರ್ಕ ನಡೆಯುವುದಿಲ್ಲ. ಎಷ್ಟೇ ಸ್ವಚ್ಛವಾದ ಕೊಟ್ಟಿಗೆಯಲ್ಲಿ, ಎಷ್ಟೇ ಶುದ್ಧ ಆಹಾರ ಕೊಟ್ಟು ಸಾಕಿದರೂ, ಪಶುವೈದ್ಯರು ಪ್ರಮಾಣಪತ್ರ ಕೊಟ್ಟರೂ ಹಂದಿ ಹಂದಿಯೇ. ಒಂದು ನಿಯಮ ಕಾರಣದ ಜೊತೆಗೆ ಚಲಿಸುತ್ತದೆ, ಇನ್ನೊಂದು ಆಜ್ಞೆಯ ಜೊತೆಗೇ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಎಲ್ಲ ನಿಯಮಗಳಿಗೂ ಒಂದೇ ಬಗೆಯ ಕಾರಣ ಹುಡುಕಿದ್ದರಿಂದಲೇ ನಮ್ಮಲ್ಲಿ ಇಷ್ಟೊಂದು ಗೊಂದಲ ಹುಟ್ಟಿದೆ.

ಪ್ರಶ್ನೆ: ಪ್ರಾಣಿಯನ್ನು ಕೊಯ್ಯುವ ವಿಧಾನಕ್ಕೆ ಇಷ್ಟೊಂದು ಮಹತ್ವವೇಕೆ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ರಕ್ತ ಇದರ ಕೇಂದ್ರದಲ್ಲಿದೆ. ದೇಹದ ಪ್ರಾಣ ರಕ್ತದಲ್ಲಿದೆ ಎಂದು ಯಾಜಕಕಾಂಡದ 17ನೇ ಅಧ್ಯಾಯ ಹೇಳುತ್ತದೆ. ಪ್ರಾಣ ಕೊಟ್ಟವನಿಗೇ ಅದು ಸೇರಬೇಕಾದ್ದರಿಂದ ಮನುಷ್ಯ ಮಾಂಸವನ್ನು ತಿನ್ನಬಹುದು, ಪ್ರಾಣವನ್ನು ತಿನ್ನಬಾರದು. ಇದಕ್ಕಾಗಿಯೇ ಯೆಹೂದಿ ಮನೆಗಳಲ್ಲಿ ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಹರಳು ಉಪ್ಪು ಸವರಿ ಇಳಿಜಾರಿನ ಹಲಗೆಯ ಮೇಲೆ ಒಂದು ಗಂಟೆ ಇಟ್ಟು, ರಕ್ತ ಬಸಿದ ಮೇಲೆ ಮೂರು ಸಲ ತೊಳೆಯುವ ಪದ್ಧತಿಯಿದೆ. ಈಗ ಹೆಚ್ಚಾಗಿ ಕಸಾಯಿಯವನೇ ಇದನ್ನು ಮಾಡಿ ಕೊಡುತ್ತಾನೆ. ರಕ್ತ ತುಂಬಿದ ಪಿತ್ತಜನಕಾಂಗಕ್ಕೆ ಉಪ್ಪು ಸಾಲದೆಂದು ಅದನ್ನು ಕೆಂಡದ ಮೇಲೆ ಸುಡುತ್ತಾರೆ. ಕೊಯ್ಯುವವನು ತರಬೇತಾದ ಧರ್ಮನಿಷ್ಠನಾಗಿರಬೇಕು. ಚಾಕುವಿನ ಅಲಗನ್ನು ಬೆರಳ ತುದಿಗೂ ಉಗುರಿಗೂ ತಾಗಿಸಿ ಎಳೆದು ನೋಡಿದಾಗ ಸಣ್ಣ ಮುಕ್ಕು ಸಿಕ್ಕರೂ ಅದನ್ನು ಬಳಸುವಂತಿಲ್ಲ. ಕೊಯ್ಯುವಾಗ ನಡುವೆ ಕೈ ನಿಂತರೂ, ಅಲಗನ್ನು ಒತ್ತಿದರೂ ಆ ಮಾಂಸ ಸಲ್ಲದಾಗುತ್ತದೆ.

ಇಸ್ಲಾಮಿನಲ್ಲಿ ಪ್ರತಿ ಪ್ರಾಣಿಯನ್ನು ಕೊಯ್ಯುವಾಗಲೂ ಅಲ್ಲಾಹನ ಹೆಸರು ಹೇಳಬೇಕು. ಜೀವ ತೆಗೆಯುವ ಅಧಿಕಾರ ತನ್ನದಲ್ಲ, ಕೊಟ್ಟವನ ಅನುಮತಿಯಿಂದ ಮಾತ್ರ ತೆಗೆಯುತ್ತಿದ್ದೇನೆ ಎಂಬ ಒಪ್ಪಿಗೆ ಅದರಲ್ಲಿದೆ. ಕೊಯ್ಯುವಾಗ ಚೆನ್ನಾಗಿ ಕೊಯ್ಯಿರಿ, ಚಾಕುವನ್ನು ಹರಿತ ಮಾಡಿಕೊಳ್ಳಿ, ಪ್ರಾಣಿಗೆ ನೋವು ಕಡಿಮೆ ಮಾಡಿ ಎಂಬ ಹದೀಸ್ ಪ್ರಸಿದ್ಧವಾದದ್ದು. ಇಂದಿನ ಯಾಂತ್ರಿಕ ಕಸಾಯಿಖಾನೆಗಳಲ್ಲಿ ಇದೆಲ್ಲ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ, ಮೊದಲೇ ಪ್ರಜ್ಞೆ ತಪ್ಪಿಸಬೇಕೇ ಬೇಡವೇ ಎಂಬುದರ ಬಗ್ಗೆ ಯೂರೋಪಿನಲ್ಲಿ ತೀವ್ರ ವಾದವಿದೆ. ಹೆಸರು ಹೇಳಿದ್ದರಿಂದಷ್ಟೇ ನಿಯಮ ಮುಗಿಯಿತೆಂದು ಆ ಧರ್ಮಗಳ ಶಾಸ್ತ್ರಗಳೇ ಹೇಳುವುದಿಲ್ಲ ಎಂಬುದನ್ನು ಆ ವಾದ ಮಾಡುವ ಎರಡೂ ಪಕ್ಷದವರು ನೆನಪಿಡಬೇಕು.

ಪ್ರಶ್ನೆ: ಮಾತ್ರೆಯ ಕ್ಯಾಪ್ಸೂಲ್‌ಗಳಲ್ಲಿ ಹಂದಿಯ ಜೆಲಾಟಿನ್ ಇರಬಹುದೆಂದು ನಮ್ಮ ಆಸ್ಪತ್ರೆಗೆ ಬರುವ ಕೆಲವರು ಔಷಧ ಬೇಡವೆನ್ನುತ್ತಾರೆ. ಅವರಿಗೆ ಏನು ಹೇಳಬೇಕು? (ಶುಶ್ರೂಷಕಿ, ಕಲಬುರಗಿ)

ಉತ್ತರ: ಪ್ರಾಣಾಪಾಯ ಒದಗಿದಾಗ ಎರಡೂ ಧರ್ಮಗಳ ಶಾಸ್ತ್ರಗಳು ಬಾಗಿಲು ತೆರೆದಿವೆ. ಹಂದಿಮಾಂಸವನ್ನು ನಿಷೇಧಿಸುವ 2:173ನೇ ವಚನವೇ, ಆಸೆಯಿಂದಲ್ಲದೆ, ಮಿತಿ ಮೀರದೆ, ಅನಿವಾರ್ಯವಾಗಿ ತಿಂದವನ ಮೇಲೆ ಪಾಪವಿಲ್ಲ ಎಂದು ಅದೇ ಉಸಿರಿನಲ್ಲಿ ಹೇಳುತ್ತದೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯೆಹೂದಿ ಧರ್ಮಸಂಹಿತೆಯಾದ ಮಿಷ್ನಾದಲ್ಲಿ, ತಡೆಯಲಾರದ ಹಸಿವಿನ ಬೇನೆಗೆ ಸಿಕ್ಕವನಿಗೆ ನಿಷಿದ್ಧ ಆಹಾರವನ್ನಾದರೂ ಸರಿ, ಕಣ್ಣಿಗೆ ಕಳೆ ಬರುವವರೆಗೆ ಉಣ್ಣಿಸಬೇಕು ಎಂದಿದೆ. ಜೀವ ಉಳಿಸುವುದು ಬಹುತೇಕ ಎಲ್ಲ ಆಜ್ಞೆಗಳಿಗಿಂತ ಮಿಗಿಲು ಎಂಬುದು ಅಲ್ಲಿನ ಸ್ಥಿರವಾದ ನಿಲುವು.

ಜೆಲಾಟಿನ್ ಬಗ್ಗೆ ಹೇಳುವುದಾದರೆ, ಮೂಳೆ ಚರ್ಮಗಳು ರಾಸಾಯನಿಕವಾಗಿ ಪೂರ್ತಿ ಬದಲಾದ ಮೇಲೆ ಹಳೆಯ ನಿಷೇಧ ಉಳಿಯುತ್ತದೆಯೇ ಎಂಬ ವಿಷಯದಲ್ಲಿ ಎರಡೂ ಧರ್ಮಗಳ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದ್ದರಿಂದ ನೀವು ರೋಗಿಯ ಜೊತೆ ಶಾಸ್ತ್ರಚರ್ಚೆಗೆ ಇಳಿಯಬೇಕಾಗಿಲ್ಲ. ಜೆಲಾಟಿನ್ ದನದಿಂದಲೂ ಬರುತ್ತದೆ, ಸಸ್ಯಮೂಲದ ಕ್ಯಾಪ್ಸೂಲ್‌ಗಳೂ ಇವೆ, ಅನೇಕ ಔಷಧಗಳು ಮಾತ್ರೆಯಾಗಿಯೋ ದ್ರವರೂಪದಲ್ಲಿಯೋ ಸಿಗುತ್ತವೆ. ಮೊದಲು ವೈದ್ಯರನ್ನೂ ಔಷಧ ವಿತರಕರನ್ನೂ ಕೇಳಿ ಬದಲಿ ಇದೆಯೇ ನೋಡಿ. ಇಲ್ಲದಿದ್ದರೆ, ಔಷಧ ತಪ್ಪಿಸಿದರೆ ಆಗುವ ಅಪಾಯವನ್ನು ಸ್ಪಷ್ಟವಾಗಿ ತಿಳಿಸಿ, ಅವರು ನಂಬುವ ಮೌಲ್ವಿಯವರೊಂದಿಗೆ ಫೋನಿನಲ್ಲಿ ಮಾತನಾಡಲು ಅವಕಾಶ ಮಾಡಿಕೊಡಿ. ಕ್ಯಾಪ್ಸೂಲನ್ನು ಬಿಡಿಸಿ ಒಳಗಿನ ಪುಡಿಯನ್ನು ಮಾತ್ರ ಕೊಡುವ ಉಪಾಯವನ್ನು ವೈದ್ಯರ ಒಪ್ಪಿಗೆಯಿಲ್ಲದೆ ಮಾಡಬೇಡಿ, ಕೆಲವು ಔಷಧಗಳು ಕರುಳಿನಲ್ಲಿಯೇ ಬಿಡುಗಡೆಯಾಗಬೇಕಾಗಿರುತ್ತದೆ.